ಕಾಕಾನ ಮಗನಿಗೆ ನನ್ನ ಯೂನಿವರ್ಸಿಟಿ ಲಾಗಿನ್ ಕೊಡಬಹುದಾ?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಯೂನಿವರ್ಸಿಟಿಯವರು ಒಂದು ಇ-ಮೇಲ್ ಐಡಿ ಕೊಟ್ಟಿದ್ದಾರೆ. ಅದರಿಂದಲೇ ಮನೆಯಲ್ಲಿ ಕೂತು ಜರ್ನಲ್ (ಸಂಶೋಧನಾ ಲೇಖನಗಳ ಪತ್ರಿಕೆ) ಓದುತ್ತೇನೆ. ಯಾದಗಿರಿಯ ಸರ್ಕಾರಿ ಕಾಲೇಜಿನಲ್ಲಿ ಓದುವ ನಮ್ಮ ಕಾಕಾನ ಮಗ, "ಅಕ್ಕಾ, ನಿನ್ನ ಪಾಸ್‌ವರ್ಡ್ ಕೊಡು, ಪ್ರಾಜೆಕ್ಟಿಗೆ ನಾಕು ಪೇಪರ್ ಬೇಕಾಗ್ಯಾವ" ಅಂತ ದಿನಾ ಕೇಳುತ್ತಾನೆ. ಓದೋದಕ್ಕೆ ತಾನೇ ಕೇಳ್ತಿರೋದು? ಕೊಟ್ಟರೆ ತಪ್ಪೇನು?

ಉತ್ತರ: ಪಾಸ್‌ವರ್ಡ್ ಕೊಡಬೇಡಿ ಅಕ್ಕಾ. ಅವನಿಗೆ ಪೇಪರ್ ಸಿಗುವ ಹಾಗೆ ಮಾಡಿ. ಅದಕ್ಕೆ ದಾರಿ ಇದೆ, ಮುಂದೆ ಹೇಳುತ್ತೇನೆ.

ನಿಮ್ಮ ಸಂಕಟ ನನಗೆ ಗೊತ್ತು. ನಮ್ಮ ಕಡೆ ಇಲ್ಲ ಅನ್ನೋದು ಕಷ್ಟ. ಪಕ್ಕದ ಮನೆಯವರು ಜೋಳದ ಹಿಟ್ಟು ಕೇಳಿದರೆ ಕೊಡುತ್ತೇವೆ, ಬೈಕ್ ಕೇಳಿದರೆ ಕೀಲಿ ಕೊಡುತ್ತೇವೆ. ಸ್ವಂತ ತಮ್ಮನ ಹಾಗಿರುವ ಹುಡುಗ, ಅದೂ ಓದಿಗೆ ಕೇಳಿದರೆ ಹೇಗೆ ಇಲ್ಲ ಅನ್ನೋದು? ಆದರೆ ಬೈಕ್ ಸಂಜೆಗೆ ವಾಪಸ್ ಬರುತ್ತದೆ. ಪಾಸ್‌ವರ್ಡ್ ಬರೋದಿಲ್ಲ. ಅದು ಅವನ ಫೋನಿನಲ್ಲಿ ಉಳಿಯುತ್ತದೆ, ಅವನು ಕೂತ ನೆಟ್ ಸೆಂಟರಿನ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ಅವನ ಗೆಳೆಯನ ವಾಟ್ಸಾಪ್‌ನಲ್ಲೂ ಉಳಿಯಬಹುದು. ಅಲ್ಲಿಂದ ಯಾರು ಏನು ಮಾಡಿದರೂ ಕೆಳಗೆ ನಿಮ್ಮ ಹೆಸರೇ ಬೀಳುತ್ತದೆ. ಸಾವಕಾರನ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕಥೆ ನಮ್ಮ ಊರುಗಳಲ್ಲಿ ಎಷ್ಟು ಕೇಳಿದ್ದೇವೆ, ಅಲ್ವಾ? ಲಾಗಿನ್ ಅಂದರೆ ಇವತ್ತಿನ ಹೆಬ್ಬೆಟ್ಟು.

ನಾನು ಕೆಲವು ವರ್ಷ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಒಬ್ಬ ಹುಡುಗಿ ತನ್ನ ಲಾಗಿನ್ ಗೆಳತಿಗೆ ಕೊಟ್ಟಿದ್ದಳು. ಗೆಳತಿ ತನ್ನ ರೂಮ್‌ಮೇಟಿಗೆ ಕೊಟ್ಟಳು. ಆಕೆ ಬಸ್ ಸ್ಟ್ಯಾಂಡ್ ಹತ್ತಿರದ ನೆಟ್ ಸೆಂಟರಿನಲ್ಲಿ ತೆರೆದು, ಲಾಗೌಟ್ ಮಾಡದೆ ಎದ್ದು ಹೋದಳು. ಮರುದಿನ ಬೆಳಿಗ್ಗೆ ಎಲ್ಲ ಮೇಷ್ಟ್ರುಗಳಿಗೂ ಒಂದು ಹೊಲಸು ಮೇಲ್ ಹೋಗಿತ್ತು. ವಿಚಾರಣೆಗೆ ಲಾಗ್, ಅಂದರೆ ಯಾರ ಲಾಗಿನ್‌ನಿಂದ ಏನಾಯಿತು ಅನ್ನುವ ದಾಖಲೆ, ಪ್ರಿಂಟ್ ತೆಗೆದು ಕೊಟ್ಟವನು ನಾನೇ. ಅದರಲ್ಲಿ ಇದ್ದದ್ದು ಆ ಹುಡುಗಿಯ ಹೆಸರು ಒಂದೇ. ಅವಳ ಅಪ್ಪ ಊರಿಂದ ಬಂದು ಆಫೀಸಿನ ಹೊರಗೆ ಟವೆಲ್ ಕೈಯಲ್ಲಿ ಹಿಡಿದು ನಿಂತಿದ್ದು ನನಗೆ ಇನ್ನೂ ಮರೆತಿಲ್ಲ. ಅವಳು ಕಳಿಸಿಲ್ಲ ಅಂತ ನಮಗೆಲ್ಲ ಗೊತ್ತಿತ್ತು. ಕಾಗದದಲ್ಲಿ ಮಾತ್ರ ಅವಳೇ ಕಳಿಸಿದ್ದಳು.

ಇನ್ನು ಜರ್ನಲ್ ವಿಷಯ. ನೀವು ಮನೆಯಿಂದ ಜರ್ನಲ್ ತೆರೆಯುವಾಗ ನಿಮ್ಮ ಯೂನಿವರ್ಸಿಟಿ ಹೆಸರು ಆರಿಸಿ, ಐಡಿ ಮತ್ತು ಪಾಸ್‌ವರ್ಡ್ ಹಾಕುತ್ತೀರಿ. ನಮ್ಮ ದೇಶದಲ್ಲಿ ಇದನ್ನು ನಡೆಸುವುದು ಯೂನಿವರ್ಸಿಟಿ ಲೈಬ್ರರಿಗಳನ್ನು ಜೋಡಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ 'ಇನ್‌ಫೆಡ್' ವ್ಯವಸ್ಥೆ. ಆ ಪಾಸ್‌ವರ್ಡ್ ಪ್ರಕಾಶಕರಿಗೆ ಹೋಗುವುದಿಲ್ಲ. ಅದನ್ನು ನಿಮ್ಮ ಯೂನಿವರ್ಸಿಟಿಯೇ ಪರೀಕ್ಷಿಸಿ, "ಹೌದು, ಇವರು ನಮ್ಮವರೇ" ಅಂತ ಪ್ರಕಾಶಕರಿಗೆ ಮಾತು ಕೊಡುತ್ತದೆ. ಆ ಮಾತಿನ ಮೇಲೆ ಬಾಗಿಲು ತೆರೆಯುತ್ತದೆ. ಆ ಹುಡುಗ ನಿಮ್ಮ ಲಾಗಿನ್‌ನಿಂದ ಒಳಗೆ ಹೋದರೆ, ನಿಮಗೆ ಓದಲು ಜಾಗ ಕೊಟ್ಟ ಯೂನಿವರ್ಸಿಟಿಯ ಬಾಯಿಂದಲೇ ಸುಳ್ಳು ಹೇಳಿಸಿದ ಹಾಗೆ ಆಗುತ್ತದೆ. ಯಾರು ಓದಬಹುದು ಅಂತ ಪ್ರಕಾಶಕರ ಒಪ್ಪಂದದಲ್ಲೇ ಬರೆದಿರುತ್ತದೆ: ಆ ಸಂಸ್ಥೆಯ ವಿದ್ಯಾರ್ಥಿಗಳು, ಅಧ್ಯಾಪಕರು, ಸಿಬ್ಬಂದಿ. ನೆಂಟರು ಅಂತ ಎಲ್ಲೂ ಇರೋದಿಲ್ಲ.

ನಾಲ್ಕೇ ಪೇಪರ್ ಅಂತ ಅವನು ಹೇಳುತ್ತಾನೆ. ಅವನ ಕ್ಲಾಸಿನವರಿಗೆ ಗೊತ್ತಾದರೆ ನಾಲ್ಕು ನಾಲ್ಕುನೂರು ಆಗಲು ಎಷ್ಟು ಹೊತ್ತು? ಒಂದೇ ಖಾತೆಯಿಂದ ರಾಶಿಗಟ್ಟಲೆ ಪಿಡಿಎಫ್ ಇಳಿಯತೊಡಗಿದರೆ ಪ್ರಕಾಶಕರ ಕಂಪ್ಯೂಟರು ಅದನ್ನು ಗುರುತಿಸುತ್ತದೆ. ಆಗ ಮುಚ್ಚುವುದು ನಿಮ್ಮೊಬ್ಬರ ಖಾತೆಯನ್ನೇ ಅಂತ ಇಲ್ಲ. ಅಮೆರಿಕದ ಎಂಐಟಿಯಲ್ಲಿ 2010ರಲ್ಲಿ ಒಬ್ಬರು ಕಂಪ್ಯೂಟರ್ ಪ್ರೋಗ್ರಾಮ್ ಹಚ್ಚಿ ಲೇಖನಗಳನ್ನು ಇಳಿಸಿಕೊಂಡಾಗ, ಜರ್ನಲ್‌ಗಳನ್ನು ಆನ್‌ಲೈನ್‌ನಲ್ಲಿ ಕೊಡುವ ಜೆಸ್ಟೋರ್ ಸಂಸ್ಥೆ ಕೆಲವು ದಿನ ಇಡೀ ಎಂಐಟಿಗೇ ಬಾಗಿಲು ಹಾಕಿತ್ತು. ಅಷ್ಟು ದೊಡ್ಡ ಸಂಸ್ಥೆಗೇ ಹಾಗಾಯಿತು. ನಮ್ಮಲ್ಲಿ ಥೀಸಿಸ್ ಸಲ್ಲಿಸುವ ಕೊನೆಯ ವಾರದಲ್ಲಿ ಹಾಗಾದರೆ ನಿಮ್ಮ ಜೊತೆಗಾರರ ಗತಿ ಏನು?

ಈಗ ತಮ್ಮನ ದಾರಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅವನ ಹಸಿವು ನಿಜವಾದದ್ದು. ದೊಡ್ಡ ಯೂನಿವರ್ಸಿಟಿಯ ಮಕ್ಕಳಿಗೆ ಸಿಗುವ ಓದು ಯಾದಗಿರಿಯ, ಶಹಾಪುರದ, ಔರಾದಿನ ಹುಡುಗರಿಗೆ ಯಾಕೆ ಸಿಗಬಾರದು ಅನ್ನುವ ಸಿಟ್ಟು ನನಗೂ ಇದೆ. ಆದರೆ ಈಗ ಪರಿಸ್ಥಿತಿ ಬದಲಾಗಿದೆ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಂದರೆ ಜರ್ನಲ್‌ಗಳ ಚಂದಾವನ್ನು ಸರ್ಕಾರವೇ ಕಟ್ಟುತ್ತದೆ. 2025, 2026, 2027 ಈ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್. ಇದು ಕೇಂದ್ರದ ಸಂಸ್ಥೆಗಳಿಗೆ ಮಾತ್ರ ಅಲ್ಲ, ರಾಜ್ಯ ಸರ್ಕಾರದ ಉನ್ನತ ಶಿಕ್ಷಣ ಸಂಸ್ಥೆಗಳಿಗೂ ಸೇರಿದ್ದು. ನಿಮ್ಮ ತಮ್ಮ ಓದುವುದು ಸರ್ಕಾರಿ ಕಾಲೇಜಿನಲ್ಲಿ ತಾನೇ? ಹಾಗಿದ್ದರೆ ಅವನು ನಿಮ್ಮಿಂದ ಕದ್ದು ಓದಬೇಕಾಗಿಲ್ಲ, ತನ್ನ ಹಕ್ಕಿನಿಂದಲೇ ಓದಬಹುದು. ಕಾಲೇಜು ನೋಂದಣಿ ಆಗಿದೆಯಾ, ತನಗೆ ಲಾಗಿನ್ ಹೇಗೆ ಸಿಗುತ್ತದೆ ಅಂತ ಅವನು ಲೈಬ್ರರಿಯವರನ್ನು ಕೇಳಲಿ. ನೋಂದಣಿ ಆಗಿಲ್ಲದಿದ್ದರೆ ನಾಲ್ಕು ಹುಡುಗರು ಸೇರಿ ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಕೊಡಲಿ. ಕಾಲೇಜುಗಳಿಗಾಗಿಯೇ ಆನ್‌ಲೈನ್ ಜರ್ನಲ್, ಪುಸ್ತಕ ಕೊಡುವ ಇನ್‌ಫ್ಲಿಬ್‌ನೆಟ್‌ನ 'ಎನ್-ಲಿಸ್ಟ್' ಕೂಡ ಇದೆ, ಅದರ ಬಗ್ಗೆಯೂ ಕೇಳಲಿ.

ಅಲ್ಲಿವರೆಗೆ 'ಶೋಧಗಂಗಾ' ನೋಡಲಿ. ದೇಶದ ಯೂನಿವರ್ಸಿಟಿಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಯಾವ ಲಾಗಿನ್ ಇಲ್ಲದೆ ಓದಲು ಸಿಗುತ್ತವೆ. ಇನ್ನೊಂದು ದಾರಿಯನ್ನು ಜನ ಸುಮ್ನೆ ಮರೆಯುತ್ತಾರೆ: ಪೇಪರ್ ಬರೆದವರಿಗೇ ಒಂದು ಮೇಲ್ ಹಾಕುವುದು. ಲೇಖನದ ಮೊದಲ ಪುಟದಲ್ಲೇ ಅವರ ವಿಳಾಸ ಇರುತ್ತದೆ. ನಾನು ವಿದ್ಯಾರ್ಥಿ, ಇಂಥ ಕೆಲಸಕ್ಕೆ ಬೇಕು ಅಂತ ಎರಡು ಸಾಲು ಬರೆದರೆ ಬಹಳಷ್ಟು ಜನ ಖುಷಿಯಿಂದ ಕಳಿಸುತ್ತಾರೆ.

ನೀವು ಕೇಳದ ಒಂದು ಮಾತೂ ಇದೆ. ಯೂನಿವರ್ಸಿಟಿ ಇ-ಮೇಲ್ ನಿಮ್ಮ ಹೆಸರಿನಲ್ಲಿದ್ದರೂ ನಿಮ್ಮದಲ್ಲ. ಹಾಸ್ಟೆಲ್ ರೂಮಿನ ಹಾಗೆ, ಇರುವಷ್ಟು ದಿನ ನಿಮ್ಮದು. ಮನೆಗೆ ಒಂದು ಮೇಲ್ ಕಳಿಸಿದರೆ ಯಾರೂ ಏನೂ ಅನ್ನೋದಿಲ್ಲ. ಆದರೆ ಮಾವನ ದಾಲ್ ಮಿಲ್ಲಿನ ತೊಗರಿಬೇಳೆ ರೇಟನ್ನು ಎಲ್ಲ ವಿಭಾಗಗಳಿಗೂ ಕಳಿಸುವುದು, ಚುನಾವಣೆಗೆ ಓಟು ಕೇಳುವುದು ಬೇಡ. ದೂರು ಬಂದರೆ ಖಾತೆ ನಡೆಸುವವರು ತೆರೆದು ನೋಡಬಲ್ಲರು, ಆದ್ದರಿಂದ ಮನೆಯವರ ಆಧಾರ್, ಬ್ಯಾಂಕ್ ಕಾಗದಗಳನ್ನು ಅಲ್ಲಿ ಇಡಬೇಡಿ.

ನನ್ನನ್ನು ಕೇಳಿದರೆ ಇದಕ್ಕಿಂತ ಮುಖ್ಯವಾದದ್ದು ಕೆಲಸದ ಅರ್ಜಿಗಳು. ಕೆಪಿಎಸ್‌ಸಿ ಇರಲಿ, ಯುಜಿಸಿ-ನೆಟ್ ಇರಲಿ, ಅವಕ್ಕೆ ನಿಮ್ಮ ಸ್ವಂತ ಜಿಮೇಲ್ ಕೊಡಿ. ಕೋರ್ಸ್ ಮುಗಿದ ಮೇಲೆ ಯೂನಿವರ್ಸಿಟಿ ಖಾತೆ ಒಂದು ದಿನ ಮುಚ್ಚಿದರೆ, ಓಟಿಪಿಯೂ ಕಾಲ್ ಲೆಟರೂ ಆ ಮುಚ್ಚಿದ ಪೆಟ್ಟಿಗೆಗೇ ಹೋಗುತ್ತವೆ. ಪೇಪರ್ ಪ್ರಕಟಿಸುವವರು ಒಂದು ಆರ್ಕಿಡ್ (ORCID) ಐಡಿ, ಅಂದರೆ ಸಂಶೋಧಕರ ಗುರುತಿನ ಸಂಖ್ಯೆ, ಮಾಡಿಕೊಳ್ಳಿ. ದುಡ್ಡು ಬೇಡ, ಸಂಸ್ಥೆ ಬದಲಾದರೂ ಅದು ನಿಮ್ಮ ಜೊತೆಗೇ ಬರುತ್ತದೆ.

ಪಾಸ್‌ವರ್ಡ್ ಈಗಾಗಲೇ ಕೊಟ್ಟಿದ್ದೀರಾ? ಗಾಬರಿ ಬೇಡ, ಇವತ್ತೇ ಕೂತು ಸರಿಮಾಡಿ. ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿ, ಫೋನಿಗೆ ಕೋಡ್ ಬರುವ ಎರಡು ಹಂತದ ಪರಿಶೀಲನೆ ಹಾಕಿ. ಆಮೇಲೆ ಜನ ಮರೆಯುವ ಎರಡು ಜಾಗ ನೋಡಿ. ಒಂದು, ರಿಕವರಿ ಫೋನ್ ನಂಬರ್. ಪರೀಕ್ಷೆ ಫಾರ್ಮ್ ತುಂಬಿಸಿಕೊಟ್ಟ ಅಂಗಡಿಯವರ ನಂಬರೇ ಅಲ್ಲಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅವರ ಮನಸ್ಸಿನಲ್ಲಿ ಕೆಟ್ಟದ್ದು ಇರೋದಿಲ್ಲ, ಓಟಿಪಿ ಬೇಗ ಬರಲಿ ಅಂತ ಹಾಕಿರುತ್ತಾರೆ. ಆದರೂ ಆ ನಂಬರ್ ಇದ್ದವರ ಕೈಯಲ್ಲಿ ನಿಮ್ಮ ಕೀಲಿ ಇದ್ದ ಹಾಗೆ. ಎರಡು, ಸೆಟ್ಟಿಂಗ್ಸಿನಲ್ಲಿ ಫಾರ್ವರ್ಡಿಂಗ್. ನಿಮಗೆ ಬರುವ ಮೇಲ್ ಬೇರೆ ವಿಳಾಸಕ್ಕೂ ಹೋಗುತ್ತಿದೆಯಾ ಅಂತ ಅಲ್ಲಿ ಗೊತ್ತಾಗುತ್ತದೆ. ನೀವು ಕಳಿಸದ ಮೇಲ್ ಏನಾದರೂ ಕಂಡರೆ ಅದೇ ದಿನ ಯೂನಿವರ್ಸಿಟಿಯ ಕಂಪ್ಯೂಟರ್ ವಿಭಾಗಕ್ಕೆ ಬರೆದು ತಿಳಿಸಿ. ನೀವು ಮೊದಲೇ ಹೇಳಿದ್ದಕ್ಕೂ, ಸಿಕ್ಕಿಬಿದ್ದ ಮೇಲೆ ಹೇಳಿದ್ದಕ್ಕೂ ಬಹಳ ವ್ಯತ್ಯಾಸ ಇದೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕಾನೂನು ಏನು ಹೇಳುತ್ತದೆ ಅಂತಲೂ ಕೆಲವರು ಕೇಳುತ್ತಾರೆ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ನೀವೇ ಪ್ರೀತಿಯಿಂದ ಕೊಟ್ಟ ಪಾಸ್‌ವರ್ಡಿನಿಂದ ಆ ಹುಡುಗ ಪೇಪರ್ ಓದಿದರೆ ಅದು ಈ ಕಲಮಿನ ಮೋಸ ಆಗುತ್ತದೋ ಇಲ್ಲವೋ ನಾನು ಹೇಳಲಾರೆ. ಆದರೆ ಯೂನಿವರ್ಸಿಟಿಯ ನಿಯಮ ಮುರಿದದ್ದು ನೀವೇ ಆಗುತ್ತೀರಿ, ಖಾತೆ ನಿಲ್ಲುವುದೂ ನಿಮ್ಮದೇ.

ತಮ್ಮನಿಗೆ ಫೋನಿನಲ್ಲಿ ಇಲ್ಲ ಅಂದರೆ ಬೇಜಾರಾಗುತ್ತಾನೆ. ರಜೆ ನೋಡಿ ಒಂದು ದಿನ ರೈಲು ಹತ್ತಿ. ವಾಡಿ ದಾಟಿದರೆ ಯಾದಗಿರಿ ದೂರ ಏನಲ್ಲ. ಅವನ ಜೊತೆಗೇ ಅವನ ಕಾಲೇಜಿನ ಲೈಬ್ರರಿಗೆ ಹೋಗಿ, "ನಮ್ಮ ಹುಡುಗನಿಗೆ ಜರ್ನಲ್ ಲಾಗಿನ್ ಬೇಕಾಗಿತ್ರೀ ಸರ್, ಹೆಂಗ ಮಾಡೋದು?" ಅಂತ ಕೇಳಿ. ಬೇಕಾದ ನಾಲ್ಕು ಪೇಪರಿನ ಹೆಸರು ಬರೆದುಕೊಂಡು ಹೋಗೋದನ್ನು ಮರೀಬೇಡಿ.