ವೈಟ್ ಹಾರ್ಟ್ ಲೇನ್‌ನ ಪಿಚ್ ಈಗ ಎಲ್ಲಿದೆ?

ಪ್ರಶ್ನೆ: ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಫುಟ್‌ಬಾಲ್ ಕ್ಲಬ್ ತನ್ನ ಹಳೆಯ ಮೈದಾನದಲ್ಲೇ ಹೊಸ ಸ್ಟೇಡಿಯಂ ಕಟ್ಟಿಕೊಂಡಿದೆ. ಹಾಗಿದ್ದ ಮೇಲೆ ಈಗಲೂ ಆಟ ನಡೆಯುವುದು ವೈಟ್ ಹಾರ್ಟ್ ಲೇನ್‌ನ ಅದೇ ಪಿಚ್ (ಆಟದ ಅಂಕಣ) ಮೇಲೆ ತಾನೇ? ಸುತ್ತಲಿನ ಸ್ಟ್ಯಾಂಡ್‌ಗಳನ್ನಷ್ಟೇ ಎತ್ತರಿಸಿದ್ದಾರೆ, ಅಲ್ಲವೇ?

ಉತ್ತರ: ಅದೇ ಪಿಚ್ ಅಲ್ಲ, ಸ್ಟ್ಯಾಂಡ್‌ಗಳನ್ನು ಎತ್ತರಿಸಿದ್ದೂ ಅಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನೋಡುವವರಿಂದ ಪ್ರತಿ ಋತುವಿನ ಆರಂಭದಲ್ಲೂ ತಪ್ಪದೆ ಬರುವ ಪ್ರಶ್ನೆ ಇದು, ಮತ್ತು ಎಷ್ಟು ಸಲ ಉತ್ತರಿಸಿದರೂ ಮುಂದಿನ ಆಗಸ್ಟ್‌ನಲ್ಲಿ ಅದೇ ಮಾತುಗಳಲ್ಲಿ ಮತ್ತೆ ಎದುರಾಗುತ್ತದೆ. ಒಂದೆರಡು ಸಾಲಿನ ಉತ್ತರಕ್ಕೆ ಈ ನಂಬಿಕೆ ಜಗ್ಗುವುದಿಲ್ಲ ಎಂಬುದು ಖಚಿತವಾಗಿರುವುದರಿಂದ ಈ ಬಾರಿ ನೆಲದ ಲೆಕ್ಕದಿಂದಲೇ ಆರಂಭಿಸಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಎಲ್ಲರಿಗೂ ಗೊತ್ತಿರುವ ಸಂಗತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಉತ್ತರ ಲಂಡನ್ನಿನ ವೈಟ್ ಹಾರ್ಟ್ ಲೇನ್‌ನಲ್ಲಿ ಸ್ಪರ್ಸ್ (ಟಾಟನ್‌ಹ್ಯಾಮ್ ತಂಡದ ಅಡ್ಡಹೆಸರು) ಆಡಲು ತೊಡಗಿದ್ದು 1899ರಲ್ಲಿ. ಅಲ್ಲಿನ ಕೊನೆಯ ಪಂದ್ಯ ನಡೆದದ್ದು 2017ರ ಮೇ 14ರಂದು, ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ. ಸ್ಪರ್ಸ್ 2-1ರಿಂದ ಗೆದ್ದಿತು. ಮರುದಿನವೇ ಕೆಡಹುವ ಕೆಲಸ ಶುರುವಾಯಿತು. ಆ ನಂತರ ತಂಡ ತವರಿನ ಪಂದ್ಯಗಳನ್ನು ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಆಡಿತು. ಹೊಸ ಸ್ಟೇಡಿಯಂನ ಮೊದಲ ಲೀಗ್ ಪಂದ್ಯ 2019ರ ಏಪ್ರಿಲ್ 3ರಂದು ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ ನಡೆಯಿತು. ಹಳೆಯದರಲ್ಲಿ ಸುಮಾರು 36,000 ಜನರಿಗೆ ಜಾಗವಿತ್ತು. ಹೊಸದರಲ್ಲಿ 62,850 ಆಸನಗಳಿವೆ.

ಈಗ ಪಿಚ್‌ನ ವಿಚಾರಕ್ಕೆ ಬರೋಣ. ಹಳೆಯ ಸ್ಟೇಡಿಯಂನ ಪಶ್ಚಿಮಕ್ಕೆ ಹೈ ರೋಡ್, ಪೂರ್ವಕ್ಕೆ ವೂಸ್ಟರ್ ಅವೆನ್ಯೂ, ದಕ್ಷಿಣಕ್ಕೆ ಪಾರ್ಕ್ ಲೇನ್, ಉತ್ತರಕ್ಕೆ ಪ್ಯಾಕ್ಸ್‌ಟನ್ ರೋಡ್ ಇದ್ದವು. ಹೀಗೆ ನಾಲ್ಕೂ ದಿಕ್ಕಿನಲ್ಲಿ ರಸ್ತೆಗಳು ಬಿಗಿದು ನಿಂತಿದ್ದ ಆ ಜಾಗದಲ್ಲಿ 60,000ಕ್ಕೂ ಹೆಚ್ಚು ಜನರನ್ನು ಕೂರಿಸುವ ಕಟ್ಟಡ ಹಿಡಿಸುವ ಮಾತೇ ಇರಲಿಲ್ಲ. ಮೂರು ದಿಕ್ಕುಗಳಲ್ಲಿ ಸರಿಯಲು ಎಡೆಯಿರಲಿಲ್ಲ. ಉಳಿದದ್ದು ಉತ್ತರ ಒಂದೇ. ಕ್ಲಬ್ ವರ್ಷಗಟ್ಟಲೆ ಆ ಕಡೆಯ ಸ್ವತ್ತುಗಳನ್ನು ಒಂದೊಂದಾಗಿ ಕೊಂಡುಕೊಂಡಿತು, ಮತ್ತು ಹೊಸ ಕಟ್ಟಡ ಪ್ಯಾಕ್ಸ್‌ಟನ್ ರೋಡನ್ನು ನುಂಗಿಕೊಂಡು ಅದರಾಚೆಗೂ ಚಾಚಿತು. ಕಟ್ಟಡವೇ ಉತ್ತರಕ್ಕೆ ಸರಿದ ಮೇಲೆ ಅದರ ಮಧ್ಯದಲ್ಲಿರುವ ಪಿಚ್ ಹಿಂದಿದ್ದಲ್ಲೇ ಉಳಿಯುವುದು ಹೇಗೆ ಸಾಧ್ಯ? ಎರಡೂ ಸ್ಟೇಡಿಯಂಗಳ ಜಾಗ ಒಂದರ ಮೇಲೊಂದು ಬರುತ್ತದೆ ಎಂಬುದು ನಿಜ, ಆದರೆ ಅದು ಭಾಗಶಃ ಮಾತ್ರ. ಆಟ ಆರಂಭಿಸಲು ಚೆಂಡು ಇಡುತ್ತಿದ್ದ ಹಳೆಯ ನಡುಬಿಂದು ಈಗ ದಕ್ಷಿಣ ಸ್ಟ್ಯಾಂಡ್‌ನ ಒಳಗೆ ಸೇರಿಹೋಗಿದೆ, ಮತ್ತು ಅದು ಇದ್ದ ಸ್ಥಳವನ್ನು ಅಲ್ಲಿ ಗುರುತಿಸಿದ್ದಾರೆ. ಅಲ್ಲಿ ಈಗ ಓಡಾಡುವವರು ಪ್ರೇಕ್ಷಕರೇ ಹೊರತು ಆಟಗಾರರಲ್ಲ. ಇದೊಂದು ಸಂಗತಿಯೇ ಪ್ರಶ್ನೆಯನ್ನು ಮುಗಿಸಬೇಕು.

ಆದರೂ ಮುಗಿಸುವುದಿಲ್ಲ ಎಂದು ನನಗೆ ಗೊತ್ತು. ಸ್ಥಳ ಸ್ವಲ್ಪ ಸರಿದಿರಬಹುದು, ಆದರೆ ಮಣ್ಣು ಮತ್ತು ಹುಲ್ಲು ಹಳೆಯವೇ ಇರಬೇಕಲ್ಲವೇ ಎಂಬುದು ಮುಂದಿನ ವಾದ. ಇದನ್ನು ಹೇಳುವವರು ಹಳೆಯ ಪಿಚ್ 1899ರಿಂದ ಕದಲದೆ ಹಾಗೆಯೇ ಇತ್ತು ಎಂದು ಭಾವಿಸಿರುತ್ತಾರೆ. ಅದೂ ಸರಿಯಲ್ಲ. ಕ್ಲಬ್ಬಿಗೆ ಬರುವ ಮೊದಲು ಆ ಜಾಗ ಒಂದು ಬಿಯರ್ ತಯಾರಿಕಾ ಕಂಪನಿಯ ಒಡೆತನದಲ್ಲಿತ್ತು, ಮತ್ತು ಅಲ್ಲಿ ಸಸಿ ಬೆಳೆಸುವ ನರ್ಸರಿ ಇತ್ತು. 1952ರಲ್ಲಿ ಪಿಚ್ಚನ್ನು ಆಳವಾಗಿ ಅಗೆದು ಹೊಸದಾಗಿ ಹಾಸುವಾಗ ಆ ನರ್ಸರಿಯ ಕಬ್ಬಿಣದ ಕೊಳವೆಗಳೂ ಕಾಂಕ್ರೀಟಿನ ನೀರಿನ ತೊಟ್ಟಿಯೂ ಮಣ್ಣಿನಡಿಯಿಂದ ಹೊರಬಂದವು. ಅರ್ಧ ಶತಮಾನದ ಕಾಲ ಆಟಗಾರರು ಅವುಗಳ ಮೇಲೆಯೇ ಓಡಿದ್ದರು! ಅಂದರೆ ಹಳೆಯ ಮೈದಾನದಲ್ಲೇ ಒಂದು ಪಿಚ್ ಹೋಗಿ ಇನ್ನೊಂದು ಬಂದಿತ್ತು. ಇನ್ನು ಹುಲ್ಲಿನ ಮಾತಾದರೆ, ಇಂದಿನ ದೊಡ್ಡ ಕ್ಲಬ್‌ಗಳಲ್ಲಿ ಋತು ಮುಗಿದ ಕೂಡಲೇ ಮೇಲ್ಪದರವನ್ನು ಕೆರೆದು ತೆಗೆದು ಹೊಸ ಬೀಜ ಬಿತ್ತುವುದು ವಾಡಿಕೆ. ನಾವು ಮೇ ತಿಂಗಳಲ್ಲಿ ನೋಡಿದ ಹುಲ್ಲನ್ನು ಆಗಸ್ಟ್‌ನಲ್ಲಿ ಅದೇ ಸ್ಟೇಡಿಯಂನಲ್ಲಿಯೂ ನೋಡುವುದಿಲ್ಲ.

ಹೊಸ ಸ್ಟೇಡಿಯಂನ ಪಿಚ್ಚಂತೂ ನೆಲಕ್ಕೆ ಅಂಟಿಕೊಂಡೇ ಇಲ್ಲ. ಅದು ಮೂರು ಉದ್ದನೆಯ ಉಕ್ಕಿನ ತಟ್ಟೆಗಳಲ್ಲಿ ಬೆಳೆದಿರುವ ಹುಲ್ಲು. ಒಂದೊಂದು ತಟ್ಟೆಯ ತೂಕ ಸುಮಾರು 3,000 ಟನ್. ಅಮೆರಿಕನ್ ಫುಟ್‌ಬಾಲ್ ಪಂದ್ಯಗಳಿದ್ದಾಗ ಹುಲ್ಲು ಉದ್ದುದ್ದವಾಗಿ ಮೂರು ಪಟ್ಟಿಗಳಾಗಿ ಬೇರ್ಪಟ್ಟು, ಚಕ್ರಗಳ ಮೇಲೆ ನಿಧಾನವಾಗಿ ಜಾರಿ ದಕ್ಷಿಣ ಸ್ಟ್ಯಾಂಡ್‌ನ ಅಡಿಗೆ ಹೋಗಿ ಸೇರುತ್ತದೆ. ಕೆಳಗಿರುವ ಕೃತಕ ಹುಲ್ಲಿನ ಅಂಕಣ ಆಗ ತೆರೆದುಕೊಳ್ಳುತ್ತದೆ. ಇದಕ್ಕೆ ಹಿಡಿಯುವ ಸಮಯ ಸುಮಾರು 25 ನಿಮಿಷ. ಪಟ್ಟಿಗಳು ಕೂಡುವ ಕಡೆ ಹುಲ್ಲು ಹರಿಯದಂತೆ, ಮತ್ತೆ ಜೋಡಿಸಿದಾಗ ಚೆಂಡು ಪುಟಿಯುವುದರಲ್ಲಿ ಕೂದಲೆಳೆಯ ವ್ಯತ್ಯಾಸವೂ ಬಾರದಂತೆ ಮಾಡಿದ ಎಂಜಿನಿಯರುಗಳ ಕೆಲಸ ನಿಜಕ್ಕೂ ಮೆಚ್ಚುವಂಥದ್ದು. 2019ರ ಅಕ್ಟೋಬರ್ 6ರಂದು ಓಕ್ಲೆಂಡ್ ರೈಡರ್ಸ್ ಮತ್ತು ಚಿಕಾಗೊ ಬೇರ್ಸ್ ತಂಡಗಳು ಅಲ್ಲಿ ಮೊದಲ ಬಾರಿಗೆ ಆಡಿದ್ದು ಈ ಕೃತಕ ಹುಲ್ಲಿನ ಮೇಲೆ. ಹೀಗೆ ಬೇಕೆಂದಾಗ ಹೊರಬಂದು ಬೇಡವೆಂದಾಗ ಒಳಸೇರುವ ಪಿಚ್ಚನ್ನು 1899ರ ನೆಲದೊಂದಿಗೆ ಒಂದೇ ಎಂದು ಯಾವ ಲೆಕ್ಕದಲ್ಲಿ ಹೇಳಬೇಕು?

ಇನ್ನು ಸ್ಟ್ಯಾಂಡ್‌ಗಳನ್ನಷ್ಟೇ ಎತ್ತರಿಸಿದ್ದಾರೆ ಎಂಬ ಮಾತು. ಇದಕ್ಕೆ ಒಂದು ಮೂಲವಿದೆ, ಅದನ್ನು ಒಪ್ಪಬೇಕು. ವೈಟ್ ಹಾರ್ಟ್ ಲೇನ್ ತನ್ನ ಜೀವಮಾನವಿಡೀ ತುಂಡುತುಂಡಾಗಿ ಬದಲಾಗುತ್ತಲೇ ಇತ್ತು. ಪೂರ್ವದ ಸ್ಟ್ಯಾಂಡ್ 1934ರದ್ದು; ಪಶ್ಚಿಮದ್ದು 1982ರಲ್ಲಿ ಹೊಸದಾಯಿತು; ದಕ್ಷಿಣದ್ದು 1995ರಲ್ಲಿ, ಉತ್ತರದ್ದು 1998ರಲ್ಲಿ ಮುಗಿದವು. ಒಂದು ಬದಿ ಕೆಡವಿ ಕಟ್ಟುತ್ತಿದ್ದರೆ ಉಳಿದ ಮೂರು ಬದಿಗಳಲ್ಲಿ ಜನ ಕೂತು ಪಂದ್ಯ ನೋಡುತ್ತಿದ್ದರು. ಅದೇ ಕ್ರಮ ಈ ಬಾರಿಯೂ ನಡೆದಿರಬೇಕು ಎಂದುಕೊಳ್ಳುವುದು ಸಹಜ. ಅದಕ್ಕೆ ತಕ್ಕ ದೃಶ್ಯವೊಂದನ್ನು 2016-17ರ ಋತುವಿನಲ್ಲಿ ಎಲ್ಲರೂ ಟಿವಿಯಲ್ಲಿ ನೋಡಿದ್ದರು: ಈಶಾನ್ಯ ಮೂಲೆಯನ್ನು ಕಿತ್ತುಹಾಕಿದ್ದರಿಂದ ಎರಡು ಸ್ಟ್ಯಾಂಡ್‌ಗಳ ನಡುವೆ ಬಾಯಿತೆರೆದಂತೆ ಒಂದು ಖಾಲಿ ಜಾಗ, ಅದರ ಹಿಂದೆಯೇ ಕ್ರೇನುಗಳು, ಏಳುತ್ತಿರುವ ಕಾಂಕ್ರೀಟ್ ಗೋಡೆಗಳು, ಮುಂದೆ ಲೀಗ್ ಪಂದ್ಯ. ಆ ಋತುವಿನಲ್ಲಿ ಸ್ಪರ್ಸ್ ತವರಿನ 19 ಲೀಗ್ ಪಂದ್ಯಗಳಲ್ಲಿ 17 ಗೆದ್ದು 2 ಡ್ರಾ ಮಾಡಿಕೊಂಡು ಅಜೇಯವಾಗಿ ಉಳಿಯಿತು ಎಂಬುದನ್ನು ನೆನೆದರೆ ಈಗಲೂ ಹೆಮ್ಮೆಯೆನಿಸುತ್ತದೆ.

ಆದರೆ ಆ ಕ್ರೇನುಗಳು ಹಳೆಯ ಸ್ಟ್ಯಾಂಡನ್ನು ಎತ್ತರಿಸುತ್ತಿರಲಿಲ್ಲ. ಅವು ಬೇರೆಯದೇ ಒಂದು ಕಟ್ಟಡದ ಉತ್ತರ ಭಾಗವನ್ನು ಕಟ್ಟುತ್ತಿದ್ದವು, ಮತ್ತು ಆ ಕಟ್ಟಡದ ದಕ್ಷಿಣ ಭಾಗ ಏಳಬೇಕಾದರೆ ಹಳೆಯದು ಪೂರ್ತಿಯಾಗಿ ನೆಲಸಮವಾಗಲೇಬೇಕಿತ್ತು. 17,500 ಜನ ಕೂರುವ, ಒಂದೇ ಇಳಿಜಾರಿನ ಇಂದಿನ ದಕ್ಷಿಣ ಸ್ಟ್ಯಾಂಡನ್ನು ಹಿಂದಿನ ಯಾವ ಸ್ಟ್ಯಾಂಡ್‌ನ ಮೇಲೂ ಎಬ್ಬಿಸಲು ಬರುತ್ತಿರಲಿಲ್ಲ. ಅದಕ್ಕೆ ಬೇಕಾದ ಆಳ ಹಳೆಯ ಸ್ಟ್ಯಾಂಡ್ ಮತ್ತು ರಸ್ತೆಯ ನಡುವೆ ಇರಲೇ ಇಲ್ಲ. ಹಾಗಾಗಿ ಅದು ನಿಂತಿರುವುದು ಹಿಂದೆ ಪಿಚ್ ಇದ್ದ ಕಡೆ. ಹಳೆಯದರಿಂದ ಹೊಸದಕ್ಕೆ ಬಂದದ್ದನ್ನು ತೋರಿಸಿ ಎಂದರೆ ತೋರಿಸಲು ಹೆಚ್ಚೇನಿಲ್ಲ: ಹಳೆಯ ಕಾಂಕ್ರೀಟನ್ನು ಪುಡಿಮಾಡಿ ಹೊಸ ಕಟ್ಟಡದ ಒಳನೆಲಕ್ಕೆ ಬೆರೆಸಿದ್ದಾರೆ. ದಕ್ಷಿಣ ಸ್ಟ್ಯಾಂಡ್‌ನ ಮೇಲೆ ನಿಂತಿರುವ ನಾಲ್ಕೂವರೆ ಮೀಟರ್ ಎತ್ತರದ ಬಂಗಾರದ ಬಣ್ಣದ, ಕ್ಲಬ್ಬಿನ ಲಾಂಛನವಾದ ಹುಂಜವೂ ಹಳೆಯದಲ್ಲ, ಹಳೆಯದನ್ನು ನೋಡಿ ಮಾಡಿದ ಪ್ರತಿಕೃತಿ.

ಈ ನಂಬಿಕೆ ಇಷ್ಟು ಗಟ್ಟಿಯಾಗಿ ಏಕೆ ಕೂತಿದೆ ಎಂಬುದಕ್ಕೂ ಕಾರಣವಿದೆ. ಬಡಾವಣೆ ಬದಲಾಗಲಿಲ್ಲ, ಅಭಿಮಾನಿಗಳು ಇಳಿಯುವ ರೈಲು ನಿಲ್ದಾಣ ಅದೇ, ನಡೆದು ಬರುವ ಹೈ ರೋಡ್ ಅದೇ. ಪಕ್ಕದ ಆರ್ಸೆನಲ್ ಕ್ಲಬ್ ಜೊತೆ ಹೋಲಿಸಿದರೆ ಇದು ಇನ್ನಷ್ಟು ಎದ್ದು ಕಾಣುತ್ತದೆ. ಆರ್ಸೆನಲ್ 2006ರಲ್ಲಿ ಹೈಬರಿಯನ್ನು ಬಿಟ್ಟು ಹತ್ತಿರದಲ್ಲೇ ಇರುವ ಎಮಿರೇಟ್ಸ್‌ಗೆ ಹೋದಾಗ ಹಳೆಯ ಸ್ಟೇಡಿಯಂ ವಸತಿ ಸಮುಚ್ಚಯವಾಯಿತು, ಪಿಚ್ ಇದ್ದ ಜಾಗ ಅದರ ಅಂಗಳದ ಉದ್ಯಾನವಾಯಿತು. ಅಲ್ಲಿ ಹಳೆಯದು ಹೊಸದು ಎರಡೂ ಕಣ್ಣೆದುರಿಗಿವೆ, ಗೊಂದಲಕ್ಕೆ ಅವಕಾಶವಿಲ್ಲ. ಟಾಟನ್‌ಹ್ಯಾಮ್‌ನಲ್ಲಿ ಹೋಲಿಸಿ ನೋಡಲು ಹಳೆಯದೇ ಉಳಿದಿಲ್ಲ. ವಿಚಿತ್ರವೆಂದರೆ, ಗೋಡೆಗಳು ಇನ್ನೂ ನಿಂತಿರುವ ಹೈಬರಿಯನ್ನು ಜನ ಮುಗಿದುಹೋದದ್ದು ಎನ್ನುತ್ತಾರೆ, ಗುರುತೂ ಉಳಿಯದ ವೈಟ್ ಹಾರ್ಟ್ ಲೇನನ್ನು ಇನ್ನೂ ಇದೆ ಎನ್ನುತ್ತಾರೆ.

ಇದೇ ಹೋಲಿಕೆ ಇನ್ನೊಂದು ತಪ್ಪು ಕಲ್ಪನೆಗೂ ಉತ್ತರ ಕೊಡುತ್ತದೆ. ಸ್ವಂತ ಜಾಗದಲ್ಲೇ ಕಟ್ಟಿದ್ದರಿಂದ ಖರ್ಚು ಕಡಿಮೆಯಾಗಿರಬೇಕು ಎಂದು ಹಲವರು ಅಂದುಕೊಳ್ಳುತ್ತಾರೆ. ಸ್ಥಳ ಬದಲಿಸುವ ಕ್ಲಬ್ಬಿಗೆ ಹೊಸದು ಮುಗಿಯುವವರೆಗೆ ಹಳೆಯದರಲ್ಲಿ ನಿರಾತಂಕವಾಗಿ ಆಡಲು ಬರುತ್ತದೆ, ಆಮೇಲೆ ಹಳೆಯ ಜಾಗದಿಂದ ಆದಾಯವೂ ಹುಟ್ಟುತ್ತದೆ. ಹಳೆಯ ಜಾಗದಲ್ಲೇ ಕಟ್ಟುವ ಕ್ಲಬ್ಬಿಗೆ ಎರಡೂ ಇಲ್ಲ. ಸುತ್ತಲಿನ ಸ್ವತ್ತುಗಳನ್ನು ಕೊಳ್ಳಬೇಕು. ಒಪ್ಪದವರಿದ್ದರೆ ಕಡ್ಡಾಯ ಸ್ವಾಧೀನದ ಆದೇಶಕ್ಕೆ ಹೋಗಬೇಕು. ಪ್ಯಾಕ್ಸ್‌ಟನ್ ರೋಡಿನಲ್ಲಿದ್ದ ಒಂದು ಲೋಹದ ತಗಡಿನ ಕಾರ್ಖಾನೆಯವರು ಜಾಗ ಬಿಡಲು ಒಪ್ಪದೆ ಹೈಕೋರ್ಟಿನವರೆಗೆ ಹೋಗಿದ್ದರು, ಮತ್ತು 2015ರಲ್ಲಿ ಅದು ಇತ್ಯರ್ಥವಾದ ಮೇಲಷ್ಟೇ ಕೆಲಸ ಮುಂದುವರಿಯುವ ದಾರಿ ತೆರೆಯಿತು. ಬಾಡಿಗೆ ಮೈದಾನದಲ್ಲಿ ಆಡಬೇಕು, ಅದರ ಅವಧಿಯೂ ಕೈಯಲ್ಲಿರುವುದಿಲ್ಲ: 2018ರ ಸೆಪ್ಟೆಂಬರ್‌ನಲ್ಲಿ ಲಿವರ್‌ಪೂಲ್ ವಿರುದ್ಧದ ಪಂದ್ಯಕ್ಕೆ ತೆರೆಯಬೇಕಿದ್ದ ಸ್ಟೇಡಿಯಂ ಸುರಕ್ಷತಾ ವ್ಯವಸ್ಥೆಗಳಲ್ಲಿ ಕಂಡ ದೋಷಗಳಿಂದಾಗಿ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಒಟ್ಟು ಯೋಜನೆಗೆ ತಗುಲಿದ ವೆಚ್ಚ ಸುಮಾರು 100 ಕೋಟಿ ಪೌಂಡ್. ಇದನ್ನು ಅಗ್ಗದ ದಾರಿ ಎನ್ನಲು ಬರುವುದಿಲ್ಲ.

ಮನೆ ಬಿಡದೆ ಇದನ್ನು ಮಾಡಲು ಸಾಧ್ಯವೇ ಇಲ್ಲವೇ ಎಂದರೆ, ಜಾಗದ ಅನುಕೂಲ ಕೂಡಿಬಂದರೆ ಸಾಧ್ಯ. ಸ್ಪೇನಿನ ಬಿಲ್ಬಾವೊದಲ್ಲಿ ಅಥ್ಲೆಟಿಕ್ ಕ್ಲಬ್ ಹಾಗೆ ಮಾಡಿತು. 1913ರಿಂದ ಇದ್ದ ಸಾನ್ ಮಾಮೆಸ್‌ನ ಪಕ್ಕದಲ್ಲೇ ಹೊಸದರ ಮೂರು ಬದಿಗಳನ್ನು ಮೊದಲು ಕಟ್ಟಿ, 2013ರ ಬೇಸಿಗೆಯಲ್ಲಿ ಹಳೆಯದನ್ನು ಕೆಡವಿ, ಸೆಪ್ಟೆಂಬರ್‌ನಲ್ಲಿ ಮೂರೇ ಬದಿಯ ಸ್ಟೇಡಿಯಂನಲ್ಲಿ ಆಟ ಆರಂಭಿಸಿದರು. ನಾಲ್ಕನೆಯ ಬದಿ ಹಳೆಯ ಸ್ಟೇಡಿಯಂ ಇದ್ದ ಜಾಗದ ಮೇಲೆ 2014ರಲ್ಲಿ ಪೂರ್ಣವಾಯಿತು. ಅಲ್ಲಿಯೂ ಪಿಚ್ ಸರಿಯಿತು ಎಂಬುದನ್ನು ದಯವಿಟ್ಟು ಗಮನಿಸಿ. ಇಟಲಿಯ ಟ್ಯೂರಿನ್‌ನಲ್ಲಿ ಯುವೆಂಟಸ್ ಬೇರೆ ದಾರಿ ಹಿಡಿಯಿತು: 1990ರ ವಿಶ್ವಕಪ್‌ಗೆ ಕಟ್ಟಿದ್ದ ಡೆಲ್ಲೆ ಆಲ್ಪಿಯನ್ನು ಕೆಡವಿ, ಓಟದ ಪಥವನ್ನು ಕೈಬಿಟ್ಟು, ಅದೇ ಜಾಗದಲ್ಲಿ ಹಿಂದಿನದಕ್ಕಿಂತ ಚಿಕ್ಕದಾದ, ಸುಮಾರು 41,000 ಆಸನಗಳ ಸ್ಟೇಡಿಯಂ ಕಟ್ಟಿತು. ಹೊಸದೆಂದರೆ ದೊಡ್ಡದೇ ಆಗಬೇಕೆಂದಿಲ್ಲ. 2011ರಲ್ಲಿ ಅದರ ಉದ್ಘಾಟನೆಗೆ ಆಡಲು ಬಂದ ತಂಡ ಇಂಗ್ಲೆಂಡಿನ ನಾಟ್ಸ್ ಕೌಂಟಿ. 1899ರಲ್ಲಿ ವೈಟ್ ಹಾರ್ಟ್ ಲೇನ್‌ನ ಮೊದಲ ಪಂದ್ಯಕ್ಕೆ ಬಂದದ್ದೂ ಅದೇ ನಾಟ್ಸ್ ಕೌಂಟಿ.

ಇಷ್ಟು ಹೇಳಿದ ಮೇಲೆ ಯಾರೂ ನೇರವಾಗಿ ಕೇಳದ, ಆದರೆ ಕೇಳಬೇಕಾದ ಇನ್ನೊಂದು ವಿಷಯ ಉಳಿಯುತ್ತದೆ: ಹಳೆಯ ಮೈದಾನದ ದಾಖಲೆಗಳು ಹೊಸದಕ್ಕೆ ಸೇರುತ್ತವೆಯೇ? ಇದಕ್ಕೆ ಎರಡು ಖಾತೆಗಳಿವೆ, ಅವನ್ನು ಬೆರೆಸಬಾರದು. ತಂಡದ ತವರಿನ ಸಾಧನೆ ಕ್ಲಬ್ಬಿನ ಖಾತೆಗೆ ಸೇರುತ್ತದೆ; ಅದು ಎಲ್ಲಿ ಆಡಿದರೂ ಮುಂದುವರಿಯುತ್ತದೆ, ವೆಂಬ್ಲಿಯ ಪಂದ್ಯಗಳೂ ಅದರಲ್ಲಿ ಬರುತ್ತವೆ. ಸ್ಟೇಡಿಯಂನ ದಾಖಲೆ ಮಾತ್ರ ಆಯಾ ಸ್ಟೇಡಿಯಂಗೇ ಸೇರಿದ್ದು. ವೈಟ್ ಹಾರ್ಟ್ ಲೇನ್‌ನಲ್ಲಿ ಸ್ಪರ್ಸ್ ಪರ ಕೊನೆಯ ಗೋಲು ಹ್ಯಾರಿ ಕೇನ್ ಅವರದ್ದು, ಅಲ್ಲಿ ಬಿದ್ದ ಕಟ್ಟಕಡೆಯ ಗೋಲು ಯುನೈಟೆಡ್‌ನ ವೇಯ್ನ್ ರೂನಿ ಅವರದ್ದು. ಆ ಪಟ್ಟಿ ಅಲ್ಲಿಗೆ ಮುಗಿಯಿತು. ಹೊಸ ಪಟ್ಟಿ ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ ಸನ್ ಹ್ಯೂಂಗ್-ಮಿನ್ ಹೊಡೆದ ಗೋಲಿನಿಂದ ಶುರುವಾಗುತ್ತದೆ.

ಪ್ರೇಕ್ಷಕರ ಸಂಖ್ಯೆಯಲ್ಲಂತೂ ಈ ಎರಡು ಖಾತೆಗಳ ಅಂತರ ಸ್ಪಷ್ಟವಾಗಿ ಕಾಣುತ್ತದೆ. ವೈಟ್ ಹಾರ್ಟ್ ಲೇನ್‌ನ ದಾಖಲೆ 1938ರ ಮಾರ್ಚ್‌ನಲ್ಲಿ ಸಂಡರ್ಲೆಂಡ್ ವಿರುದ್ಧದ ಎಫ್‌ಎ ಕಪ್ (ಇಂಗ್ಲೆಂಡಿನ ನಾಕೌಟ್ ಟೂರ್ನಿ) ಪಂದ್ಯಕ್ಕೆ ಸೇರಿದ 75,038 ಜನ, ಹೆಚ್ಚಿನವರು ನಿಂತೇ ಆಟ ನೋಡುತ್ತಿದ್ದ ಕಾಲ ಅದು. ಕ್ಲಬ್ಬಿನ ತವರಿನ ದಾಖಲೆಯಾದರೋ 2016ರ ನವೆಂಬರ್ 2ರಂದು ಬೇಯರ್ ಲೆವರ್‌ಕೂಸೆನ್ ವಿರುದ್ಧದ, ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಪಂದ್ಯಕ್ಕೆ ಬಂದ 85,512 ಜನರದ್ದು, ಮತ್ತು ಅದು ನಡೆದದ್ದು ವೆಂಬ್ಲಿಯಲ್ಲಿ, ಏಕೆಂದರೆ ಮೂಲೆ ಕಿತ್ತ ಹಳೆಯ ಸ್ಟೇಡಿಯಂ ಆ ಋತುವಿನ ಯುರೋಪಿಯನ್ ಪಂದ್ಯಗಳಿಗೆ ಸಾಲುತ್ತಿರಲಿಲ್ಲ. ಹೊಸ ಸ್ಟೇಡಿಯಂನ ಆಸನಗಳೇ 62,850 ಆಗಿರುವುದರಿಂದ, ಕಟ್ಟಡ ಈಗಿರುವಷ್ಟೇ ಇರುವವರೆಗೆ ಈ ಎರಡರಲ್ಲಿ ಯಾವುದನ್ನೂ ಅಲ್ಲಿ ಮುರಿಯಲು ಬರುವುದಿಲ್ಲ.