ಪಶ್ಚಿಮದ ಗಾಜಿಗೆ ಮೊದಲು ಹೊರಗಿನಿಂದ ನೆರಳು ಮಾಡಿ, ಕಿಚನ್ ಆಮೇಲೆ ನೋಡೋಣ

ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಸುತ್ತಮುತ್ತ, ಚಾಂಡ್ಲರ್, ಗಿಲ್ಬರ್ಟ್ ಕಡೆ ಮನೆ ತಗೊಂಡಿರುವ ನಮ್ಮವರು ರೀಮಾಡೆಲಿಂಗ್ ಅಂತ ಫೋನ್ ಮಾಡಿದಾಗ ಕೇಳುವುದು ಹೆಚ್ಚಾಗಿ ಎರಡೇ ವಿಷಯ. ಕಿಚನ್‌ಗೆ ಕ್ವಾರ್ಟ್ಜ್ ಕೌಂಟರ್‌ಟಾಪ್ ಹಾಕಿಸಬೇಕು. ಇಲ್ಲವೇ ಎಸಿ ಸಾಲುತ್ತಿಲ್ಲ, ನಾಲ್ಕು ಟನ್ನಿನದು ತೆಗೆದು ಐದು ಟನ್ ಹಾಕಿಸಬೇಕು. ಹೋಗಿ ನೋಡಿದರೆ ಮನೆ ಪೂರ್ವಕ್ಕೆ ಮುಖ ಮಾಡಿರುತ್ತದೆ. ವಾಸ್ತು ನೋಡಿಯೇ ತಗೊಂಡಿರುತ್ತಾರೆ. ಅದು ಅವರವರ ನಂಬಿಕೆ, ನನ್ನ ತಕರಾರೇನೂ ಇಲ್ಲ. ಆದರೆ ಇಲ್ಲಿನ ಬಿಲ್ಡರ್‌ಗಳು ಸಾಮಾನ್ಯವಾಗಿ ಬೀದಿ ಕಡೆಗೆ ಗ್ಯಾರೇಜ್ ಇಡುತ್ತಾರೆ, ದೊಡ್ಡ ಹಾಲ್, ಅದಕ್ಕೊಂದು ಅಗಲವಾದ ಗಾಜಿನ ಸ್ಲೈಡಿಂಗ್ ಬಾಗಿಲು, ಅದರ ಪಕ್ಕ ಮಾಸ್ಟರ್ ಬೆಡ್‌ರೂಮಿನ ಕಿಟಕಿ, ಇದೆಲ್ಲ ಹಿತ್ತಲ ಕಡೆ. ಮುಂಬಾಗಿಲು ಪೂರ್ವಕ್ಕಿದ್ದರೆ ಆ ಗಾಜೆಲ್ಲ ಪಶ್ಚಿಮಕ್ಕೆ ಬಂತು ಅಲ್ವಾ?

ಫೀನಿಕ್ಸಿನ ಪಶ್ಚಿಮದ ಬಿಸಿಲು ಅಂದರೆ ಏನು ಅಂತ ಒಂದು ಬೇಸಿಗೆ ಕಳೆದವರಿಗೆ ಗೊತ್ತು. 2023ರಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಸೆಲ್ಸಿಯಸ್, ಇಲ್ಲವೇ ಅದಕ್ಕಿಂತ ಹೆಚ್ಚಿತ್ತು. ಆದರೆ ಈ ಲೆಕ್ಕ ನೆರಳಿನಲ್ಲಿಟ್ಟ ಥರ್ಮಾಮೀಟರಿನದು. ಸಂಜೆ ಐದು ಗಂಟೆಗೆ ನಿಮ್ಮ ಹಿತ್ತಲ ಬಾಗಿಲಿನ ಗಾಜಿಗೆ ನೇರವಾಗಿ ಬಡಿಯುವ ಬಿಸಿಲು ಅದರಲ್ಲಿ ಸೇರಿಲ್ಲ.

ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ಬಿಸಿಲು ಗಾಜಿನ ಮೂಲಕ ಸಲೀಸಾಗಿ ಒಳಗೆ ಬರುತ್ತದೆ. ಬಂದು ನೆಲಕ್ಕೋ ಸೋಫಾಗೋ ಪರದೆಗೋ ತಾಗಿ ಶಾಖವಾಗುತ್ತದೆ. ಬೆಳಕು ಬಂದ ದಾರಿಯಲ್ಲೇ ಆ ಶಾಖ ವಾಪಸ್ ಹೋಗಲಾರದು, ಗಾಜು ಅದನ್ನು ಬಿಡುವುದಿಲ್ಲ. ನೀವು ಒಳಗೆ ಬ್ಲ್ಯಾಕೌಟ್ ಪರದೆ ಹಾಕಿದರೆ ಕೋಣೆ ಕತ್ತಲಾಗುತ್ತದೆ ನಿಜ. ಆದರೆ ಪರದೆಯೇ ಕಾಯುತ್ತದೆ, ಪರದೆಗೂ ಗಾಜಿಗೂ ನಡುವಿನ ಗಾಳಿ ಕಾದು ಮೇಲಿನ ಸಂದಿಯಿಂದ ಕೋಣೆಗೆ ಬರುತ್ತದೆ. ಪರದೆಯ ಹೊರಮೈ ಬಿಳಿ ಇದ್ದರೆ ಸ್ವಲ್ಪ ಬಿಸಿಲು ತಿರುಗಿ ಹೋಗುತ್ತದೆ, ಅಷ್ಟು ಲಾಭ ಇದೆ. ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ.

ಲೆಕ್ಕ ಹಾಕಿ ನೋಡಿ. ಎಂಟು ಅಡಿ ಅಗಲ, ಸುಮಾರು ಏಳು ಅಡಿ ಎತ್ತರದ ಬಾಗಿಲು ಅಂದರೆ ಐದು ಚದರ ಮೀಟರ್ ಗಾಜು. ಹಳೆಯ ಸಾದಾ ಡಬಲ್ ಗಾಜಾಗಿದ್ದರೆ ಬೇಸಿಗೆಯ ಸಂಜೆ ಅದರಿಂದ ಒಳಬರುವ ಶಾಖ ಸುಮಾರು ಎರಡು ಸಾವಿರ ವಾಟ್. ಸಾವಿರ ವಾಟಿನ ಎರಡು ರೂಮ್ ಹೀಟರ್ ಹಚ್ಚಿ ಹಾಲಿನ ಮಧ್ಯೆ ಇಟ್ಟಷ್ಟು ಅದು. ಒಂದು ಟನ್ ಎಸಿ ಎಳೆಯುವುದು ಸುಮಾರು ಮೂರೂವರೆ ಸಾವಿರ ವಾಟ್ ಶಾಖ. ಆ ಒಂದು ಬಾಗಿಲಿಗೇ ಅರ್ಧ ಟನ್ನಿಗಿಂತ ಜಾಸ್ತಿ ಹೋಯಿತು. ಇದೆಲ್ಲ ಆಗುವುದು ಕರೆಂಟ್ ದುಬಾರಿಯಾದ ಹೊತ್ತಿನಲ್ಲಿ. ಇಲ್ಲಿನ ಕರೆಂಟ್ ಕಂಪನಿ ಎಪಿಎಸ್‌ನ ಟೈಮ್ ಆಫ್ ಯೂಸ್ ಪ್ಲ್ಯಾನಿನಲ್ಲಿ, ಅಂದರೆ ಹೊತ್ತಿಗೆ ತಕ್ಕಂತೆ ದರ ಬದಲಾಗುವ ಪ್ಲ್ಯಾನಿನಲ್ಲಿ, ವಾರದ ದಿನ ಸಂಜೆ 4ರಿಂದ 7 ಪೀಕ್ ಅವಧಿ. ಪಶ್ಚಿಮದ ಗಾಜು ಕಾಯುವುದೂ ಅದೇ ಹೊತ್ತಿಗೆ.

ಇಷ್ಟು ಹೇಳಿದ ಮೇಲೂ ಫೋನ್ ಬರುತ್ತದೆ. "ಸರ್, ಇನ್ನೂ ದಪ್ಪನೆಯ ಪರದೆ ತಂದಿದ್ದೀವಿ, ಈಗ ಸರಿಹೋಗುತ್ತೆ ಅಲ್ವಾ?" ಇಲ್ಲ. ಪರದೆ ಈಗಲೂ ಗಾಜಿನ ಒಳಗೇ ಇದೆ. ಬಿಸಿಲು ಗಾಜನ್ನು ಮುಟ್ಟುವ ಮೊದಲೇ ಅದನ್ನು ತಡೆಯಬೇಕು.

ರಾಯಚೂರಿನಿಂದ ಮಗನ ಮನೆಗೆ ಬಂದಿದ್ದ ಒಬ್ಬ ತಾಯಿಗೆ ಇದನ್ನು ನಾನು ಹೇಳಬೇಕಾಗಲೇ ಇಲ್ಲ. ಜೂನ್ ತಿಂಗಳು, ಮೊಮ್ಮಗು ಹುಟ್ಟಿತ್ತು, ಬಾಣಂತನಕ್ಕೆ ಬಂದಿದ್ದರು. ಮಗ, ಸೊಸೆ ಇಬ್ಬರೂ ನನ್ನ ಹತ್ತಿರ ಎಸಿ ಟನ್ನಿನ ಲೆಕ್ಕ ಮಾತಾಡುತ್ತಿದ್ದಾಗ ಅವರು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರು, "ಹೊರಗ ಒಂದು ತಟ್ಟಿ ಕಟ್ಟಿದ್ರ ಆತಲ್ಲಪಾ, ಇಷ್ಟ್ಯಾಕ ತಲಿ ಕೆಡಿಸ್ಕೊಂತೀರಿ?" ಅಂದರು. ರಾಯಚೂರಿನಲ್ಲಿ ಬೇಸಿಗೆ ಕಳೆದವರು ಅವರು. ಬಾಗಿಲ ಮುಂದೆ ಚಪ್ಪರ, ಕಿಟಕಿ ಹೊರಗೆ ತಟ್ಟಿ. ಆ ಮಾತು ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ. ಮಗನಿಗೆ ಮಾತ್ರ, ಮೂರು ಕೊಟೇಷನ್ ತರಿಸಿಕೊಂಡಿದ್ದಕ್ಕೋ ಏನೋ, ತಕ್ಷಣ ಒಪ್ಪಿಗೆಯಾಗಲಿಲ್ಲ. ಕೊನೆಗೆ ಹೊರಗೆ ರೋಲ್ ಶೇಡ್ ಹಾಕಿಸಿದರು. ಹಳೆ ಎಸಿಯೇ ಇನ್ನೂ ಓಡುತ್ತಿದೆ. ಎಲ್ಲರ ಮನೆಯಲ್ಲೂ ಹೀಗೇ ಆಗುತ್ತದೆ ಅಂತ ಮಾತ್ರ ನಾನು ಹೇಳಲಾರೆ.

"ನಮ್ಮಲ್ಲಿ ಪ್ಯಾಟಿಯೋಗೆ, ಹಿತ್ತಲ ಜಗಲಿಗೆ, ಮಾಡು ಇದೆಯಲ್ಲ" ಅನ್ನುತ್ತಾರೆ. ಇದ್ದರೆ ಒಳ್ಳೆಯದು, ಆದರೆ ಸಾಲದು. ದಕ್ಷಿಣದ ಕಿಟಕಿಗೆ ಚಿಕ್ಕ ಸಜ್ಜಾ ಸಾಕು, ಯಾಕಂದರೆ ಜೂನ್ ಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ, ಸುಮಾರು 80 ಡಿಗ್ರಿ ಎತ್ತರದಲ್ಲಿ. ಪಶ್ಚಿಮದ ಕಥೆ ಬೇರೆ. ಐದು ಗಂಟೆಗೆ ಅವನು 30 ಡಿಗ್ರಿಗೆ ಇಳಿದಿರುತ್ತಾನೆ. ನಿಮ್ಮ ಮಾಡು ಹತ್ತಡಿ ಮುಂದೆ ಚಾಚಿದ್ದರೂ, ಒಂಬತ್ತು ಅಡಿ ಎತ್ತರದಲ್ಲಿದ್ದರೆ, ಆ ಹೊತ್ತಿಗೆ ಬಾಗಿಲಿನ ಕೆಳಗಿನ ಮೂರು ಅಡಿಗೆ ಬಿಸಿಲು ಬರುತ್ತದೆ. ಆರು ಗಂಟೆಗೆ ಬಹುಪಾಲು ಬಾಗಿಲು ಬಿಸಿಲಲ್ಲಿ. ಸೂರ್ಯ ಮುಳುಗುವುದು ಏಳೂವರೆ ದಾಟಿದ ಮೇಲೆ. ಅದಕ್ಕೇ ಮಾಡಿನ ಅಂಚಿನಿಂದ ಕೆಳಗೆ ಇಳಿಬಿಡುವ ಶೇಡ್ ಬೇಕು. ಕಿಟಕಿಗಳಿಗಾದರೆ ಹೊರಗಿನಿಂದ ಕೂರಿಸುವ ಸೋಲಾರ್ ಸ್ಕ್ರೀನ್ ಸಾಕು. ಶೇಕಡಾ 80 ಅಥವಾ 90ರಷ್ಟು ಬಿಸಿಲು ತಡೆಯುವ ಬಟ್ಟೆಗಳು ಸಿಗುತ್ತವೆ. 90ರದ್ದು ಹಾಕಿದರೆ ಒಳಗೆ ಸ್ವಲ್ಪ ಮಬ್ಬಾಗುತ್ತದೆ, ಓದುವ ಕೋಣೆಗೆ 80 ಇರಲಿ. ಸ್ಕ್ರೀನ್ ಚಳಿಗಾಲದಲ್ಲಿ ತೆಗೆದಿಡುವಂಥದ್ದೇ ಇರಲಿ, ಡಿಸೆಂಬರ್ ಬಿಸಿಲು ಬೇಕಾದದ್ದು.

ಗಾಜಿಗೆ ಒಳಗಿನಿಂದ ಫಿಲ್ಮ್ ಅಂಟಿಸುವ ಮೊದಲು ಕಿಟಕಿ ಕಂಪನಿಯ ವಾರಂಟಿ ಓದಿ. ಡಬಲ್ ಗಾಜಿಗೆ ಗಾಢ ಫಿಲ್ಮ್ ಹಾಕಿದರೆ ಗಾಜು ಅಸಮವಾಗಿ ಕಾದು ಬಿರುಕು ಬಿಡುವ ಸಾಧ್ಯತೆ ಇದೆ.

ಜಾಗ ಇದ್ದರೆ ಪಶ್ಚಿಮಕ್ಕೆ ಒಂದು ಮೆಸ್ಕೀಟ್ ಅಥವಾ ಪ್ಯಾಲೊ ವರ್ಡೆ ಮರ ನೆಡಿ. ಗೋಡೆಗೆ ತೀರಾ ಹತ್ತಿರ ಬೇಡ. ಬುಡಕ್ಕೆ ದಿನಾ ಒಂದಿಷ್ಟು ನೀರು ಬಿಟ್ಟರೆ ಬೇರು ಮೇಲೇ ಉಳಿದು ಮಾನ್ಸೂನ್ ಗಾಳಿಗೆ ಉರುಳುತ್ತದೆ. ಅಪರೂಪಕ್ಕೆ, ಆಳಕ್ಕೆ ಇಳಿಯುವಂತೆ ನೀರು ಕೊಡಿ. ಆ ಜಾಗದಲ್ಲಿ ಕೃತಕ ಹುಲ್ಲು ಹಾಸುವ ಯೋಚನೆ ಇದ್ದರೆ, ಜುಲೈ ಮಧ್ಯಾಹ್ನ ಯಾರದಾದರೂ ಮನೆಯಲ್ಲಿ ಅದನ್ನು ಕೈಯಿಂದ ಮುಟ್ಟಿ ನೋಡಿ ಬನ್ನಿ.

ಇನ್ನು ಆಟಿಕ್, ಅಂದರೆ ಸೀಲಿಂಗಿಗೂ ಮಾಡಿಗೂ ನಡುವಿನ ಜಾಗ. ಅಲ್ಲಿ ಬೇಸಿಗೆಯಲ್ಲಿ 140 ಫ್ಯಾರನ್‌ಹೀಟ್ ದಾಟುವುದು ಮಾಮೂಲು, ನಿಮ್ಮ ತಣ್ಣನೆ ಗಾಳಿಯ ಡಕ್ಟ್ ಹೋಗುವುದೂ ಅಲ್ಲೇ. ಸಾಮಾನ್ಯ ಮನೆಯಲ್ಲಿ ಡಕ್ಟಿನ ಗಾಳಿಯ 20ರಿಂದ 30 ಶೇಕಡಾ ಸೋರಿಹೋಗುತ್ತದೆ ಅನ್ನುತ್ತದೆ ಅಮೆರಿಕ ಸರ್ಕಾರದ ಇಂಧನ ಉಳಿತಾಯ ಕಾರ್ಯಕ್ರಮ ಎನರ್ಜಿ ಸ್ಟಾರ್. ಮೊದಲು ಸೋರಿಕೆ ಮುಚ್ಚಿಸಿ, ಆಮೇಲೆ ಮೇಲೆ ಇನ್ಸುಲೇಷನ್ ಹಾಕಿಸಿ. ತಿರುವುಮುರುವು ಮಾಡಿದರೆ ಡಕ್ಟ್ ಹುಡುಕಲು ಅದನ್ನೆಲ್ಲ ಮತ್ತೆ ಸರಿಸಬೇಕು. ಇವೆಲ್ಲ ಆದ ಮೇಲೂ ಎಸಿ ಸಾಲದಿದ್ದರೆ ಮನೆಗೆ ನಿಜವಾಗಿ ಎಷ್ಟು ಎಸಿ ಬೇಕು ಅಂತ ತಿಳಿಸುವ ಮ್ಯಾನುಯಲ್ ಜೆ ಲೆಕ್ಕ ಮಾಡಿಸಿ. ಬರೀ ಚದರಡಿ ನೋಡಿ ಟನ್ ಹೇಳುವವರನ್ನು ಸುಮ್ನೆ ನಂಬಬೇಡಿ.

ಕಿಚನ್ ಮಾಡಿಸುವುದೇ ಆದರೆ ಕೌಂಟರ್‌ಟಾಪಿಗಿಂತ ಮೊದಲು ಹೊಗೆ ಹೊರಗೆ ಬಿಡುವ ಹುಡ್ ಹಾಕಿಸಿ. ಮೈಕ್ರೊವೇವ್ ಅಡಿಯ ಫ್ಯಾನುಗಳಲ್ಲಿ ಎಷ್ಟೋ ಒಗ್ಗರಣೆ ಘಾಟನ್ನು ತಿರುಗಿ ಮುಖಕ್ಕೇ ಊದುತ್ತವೆ.

ಕಿಟಕಿಗಳನ್ನೆಲ್ಲ ಬದಲಿಸಿ ಅನ್ನುವವರು ಬಂದರೆ ಅವಸರ ಮಾಡಬೇಡಿ. ಒಂಟಿ ಗಾಜಿನ ಹಳೆ ಅಲ್ಯೂಮಿನಿಯಂ ಕಿಟಕಿಯಾಗಿದ್ದರೆ ಯೋಚಿಸಬಹುದು, ಆಗಲೂ ಪಶ್ಚಿಮದವು ಮೊದಲು. "30 ಪರ್ಸೆಂಟ್ ಫೆಡರಲ್ ಟ್ಯಾಕ್ಸ್ ಕ್ರೆಡಿಟ್ ಸಿಗುತ್ತೆ" ಅಂದರೆ ಅಲ್ಲಿಗೇ ನಿಲ್ಲಿಸಿ. ಕಿಟಕಿ, ಇನ್ಸುಲೇಷನ್‌ಗಿದ್ದ ಆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಕೆಲಸಕ್ಕೆ ಬರುವವರ ಆರ್‌ಒಸಿ ಲೈಸೆನ್ಸ್ ನಂಬರ್ ಕೇಳಿ, ಅರಿಜೋನಾ ರಿಜಿಸ್ಟ್ರಾರ್ ಆಫ್ ಕಾಂಟ್ರ್ಯಾಕ್ಟರ್ಸ್ ಸೈಟಿನಲ್ಲಿ ಹುಡುಕಿ. ಎರಡು ನಿಮಿಷದ ಕೆಲಸ.

ಹೊರಗಿನ ಶೇಡಿಗೆ ನಿಮ್ಮ ಎಚ್‌ಒಎ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘದ, ಒಪ್ಪಿಗೆ ಬೇಕಾಗಬಹುದು, ಅದಕ್ಕೆ ಕೆಲವು ಕಡೆ ವಾರಗಟ್ಟಲೆ ಹಿಡಿಯುತ್ತದೆ. ಹಿತ್ತಲ ಗೋಡೆಯ ಫೋಟೊ, ಬಟ್ಟೆಯ ಬಣ್ಣದ ತುಂಡು, ಅಳತೆ ಇಷ್ಟನ್ನೂ ಸೇರಿಸಿ ಫೆಬ್ರುವರಿಯಲ್ಲೇ ಅರ್ಜಿ ಹಾಕಿ. ಗೋಡೆಯ ಬಣ್ಣಕ್ಕೆ ಹೊಂದುವ ಬಟ್ಟೆ ಆರಿಸಿದರೆ ಬೇಗ ಒಪ್ಪುತ್ತಾರೆ.