ರಿಂಕಿನ ಲೆಕ್ಕದಲ್ಲಿ ಅಮ್ಮನ ಸಂಬಳ

ಮೇ ತಿಂಗಳಲ್ಲಿ ನಮ್ಮ ಸ್ಕೇಟಿಂಗ್ ರಿಂಕ್ ನೋಡಿದವರಿಗೆಲ್ಲ ತಾವೂ ಒಂದು ತೆರೆಯುವ ಆಸೆ ಹುಟ್ಟುತ್ತದೆ. ಆಗ ಬೇಸಿಗೆ ಶಿಬಿರ. ಬೆಳಗ್ಗೆ ಆರಕ್ಕೇ ಮಕ್ಕಳು, ಗೇಟಿನಾಚೆ ಸ್ಕೂಟರ್‌ಗಳ ಸಾಲು, ಕೌಂಟರಿನಲ್ಲಿ ಅಮ್ಮನಿಗೆ ಪುರುಸೊತ್ತಿಲ್ಲ. ಯಾರಾದರೊಬ್ಬರು ಪಕ್ಕಕ್ಕೆ ಕರೆದು ಕೇಳುತ್ತಾರೆ, “ಸಾರ್, ನಮ್ಮದೊಂದು ಸೈಟು ಖಾಲಿ ಇದೆ. ಸಿಮೆಂಟ್ ಹಾಕಿಸಿಬಿಟ್ಟರೆ ಸಾಕಲ್ವಾ?” ಸಾಲದು. ಯಾಕೆ ಸಾಲದು ಅಂತ ಪ್ರತಿಯೊಬ್ಬರಿಗೂ ನಿಂತಲ್ಲೇ ಹೇಳಿ ಸುಸ್ತಾಗಿದೆ. ಈ ಸಲ ಬರೆದೇ ಬಿಡುತ್ತೇನೆ.

ನಮ್ಮದು ಶಿವಮೊಗ್ಗ ಕಡೆಯ ಊರು. ಈಗ ರಿಂಕ್ ಇರುವ ಜಾಗ ಮೊದಲು ಅಜ್ಜನ ಅಕ್ಕಿ ಗಿರಣಿಯ ಕಣ. ಬೇಯಿಸಿದ ಭತ್ತ ಒಣಗಿಸಲು ಹಾಕಿಸಿದ ಸಿಮೆಂಟ್ ನೆಲ. ಗಿರಣಿ ನಿಂತ ಮೇಲೆ ಬೀದಿಯ ಹುಡುಗರು ಅಲ್ಲಿ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡತೊಡಗಿದರು. ಅಪ್ಪ ಅವರನ್ನು ಬೈದು ಓಡಿಸಲಿಲ್ಲ. ಸುತ್ತ ಪೈಪಿನ ಕಂಬಿ ಹಾಕಿಸಿ ಟಿಕೆಟ್ ಇಟ್ಟರು. ಗಿರಣಿ ಮನೆಯವರ ಬುದ್ಧಿ! ಆದರೆ ಕಣಕ್ಕೊಂದು ಗುಣವಿದೆ. ಮಳೆ ನೀರು ನಿಲ್ಲಬಾರದು ಅಂತ ಅದಕ್ಕೆ ಒಂದು ಬದಿಗೆ ಇಳಿಜಾರು ಕೊಟ್ಟಿರುತ್ತಾರೆ. ಕಣ್ಣಿಗೆ ಕಾಣದ ಇಳಿಜಾರೂ ಚಕ್ರಕ್ಕೆ ಗೊತ್ತಾಗುತ್ತದೆ. ಹೊಸದಾಗಿ ನಿಂತ ಮಗು ಏನೂ ಮಾಡದೆ ತಾನಾಗಿ ಮೂಲೆಗೆ ಜಾರಿ ಕಂಬಿಗೆ ಗುದ್ದುತ್ತಿತ್ತು. ಎರಡು ವರ್ಷ ನಾವು ಮಗುವಿಗೇ ಬ್ಯಾಲೆನ್ಸ್ ಇಲ್ಲ ಅಂದುಕೊಂಡಿದ್ದೆವು.

ಕೊನೆಗೆ ತಗಡಿನ ಮಾಡು ಹಾಕಿಸಿ, ಹೊಸ ಕಾಂಕ್ರೀಟ್ ಹಾಸಿಸಿ, ಯಂತ್ರದಲ್ಲಿ ತಿಕ್ಕಿಸಿ ನಯ ಮಾಡಿಸಿದೆವು. ಅದರ ಮೇಲೆ ಎಪಾಕ್ಸಿ ಅನ್ನುವ ಗಟ್ಟಿ ಲೇಪ ಬಳಿಯಬೇಕಿತ್ತು. ಕಾಂಕ್ರೀಟಿನೊಳಗಿನ ತೇವ ಆರಲು 28 ದಿನವಾದರೂ ಬಿಡಬೇಕು ಅನ್ನುವುದು ಆ ಕೆಲಸದವರ ನಿಯಮ. ದಸರಾ ರಜೆ ಹತ್ತಿರ ಬಂದಿತ್ತು, ನಾವು 12 ದಿನಕ್ಕೇ ಬಳಿಸಿದೆವು. ಮೇಸ್ತ್ರಿ ಬೇಡ ಅಂದಿದ್ದ. ಅವಸರ ನಮ್ಮದೇ. ರಜೆ ಮುಗಿಯುವ ಮೊದಲೇ ನೆಲದ ತುಂಬ ಹಪ್ಪಳದ ಹಾಗೆ ಗುಳ್ಳೆ. ಕೆರೆದು ತೆಗೆದು ಮತ್ತೆ ಬಳಿಸಲು ಮೊದಲಿಗಿಂತ ಜಾಸ್ತಿ ಖರ್ಚಾಯಿತು.

ನೆಲ ಮಾಡಿಸುವುದು ಒಂದು ಸಲದ ಕೆಲಸ, ಗುಡಿಸುವುದು ದಿನದ ಕೆಲಸ. ಕಲಿಯುವವರ ಇನ್‌ಲೈನ್, ಅಂದರೆ ಚಕ್ರಗಳು ಒಂದೇ ಸಾಲಿನಲ್ಲಿರುವ ಸ್ಕೇಟ್ಸ್‌ನ ಚಕ್ರ ಹೆಚ್ಚೆಂದರೆ 80 ಮಿಲಿಮೀಟರ್ ಇರುತ್ತದೆ. ಮುಂದೆರಡು ಹಿಂದೆರಡು ಚಕ್ರವಿರುವ ಕ್ವಾಡ್‌ನದ್ದು ಇನ್ನೂ ಚಿಕ್ಕದು, ಸುಮಾರು 60. ಕಡಲೆಕಾಳಿನಷ್ಟು ಕಲ್ಲು ಅಡ್ಡ ಬಂದರೂ ಚಕ್ರ ನಿಲ್ಲುತ್ತದೆ. ಮಗು ನಿಲ್ಲುವುದಿಲ್ಲ. ನಮ್ಮ ಗೇಟಿನ ಪಕ್ಕ ಒಂದು ಹೊಂಗೆ ಮರವಿದೆ. ನೆರಳಿಗೆ ಎಷ್ಟು ಚೆಂದವೋ ಹೂ ಉದುರುವ ಕಾಲಕ್ಕೆ ಅಷ್ಟೇ ಕಾಟ. ಕಡಿಯಲು ಮನಸ್ಸು ಬರುವುದಿಲ್ಲ. ಹಾಗಾಗಿ ಅಪ್ಪ ಈ ವಯಸ್ಸಿನಲ್ಲೂ ಬೆಳಗ್ಗೆ ಐದಕ್ಕೆ ಪೊರಕೆ ಹಿಡಿಯುತ್ತಾರೆ.

ಜೂನ್ ಬಂತೆಂದರೆ ಬೇರೆಯೇ ಕಥೆ. ಮಾಡು ಇದ್ದರೂ ಎರಚಲು ಒಳಗೆ ಹೊಡೆಯುತ್ತದೆ. ಮಳೆ ಬಿಟ್ಟ ದಿನವೂ ನೆಲ ಬೆವರುತ್ತದೆ, ಅಂಚಿನಲ್ಲಿ ಪಾಚಿ ಕಟ್ಟುತ್ತದೆ. ಒದ್ದೆ ನೆಲದಲ್ಲಿ ಯಾರನ್ನೂ ಬಿಡುವ ಹಾಗಿಲ್ಲ. ಆಗ ನಾವು ಬೇರಿಂಗ್ ತೊಳೆಯುತ್ತೇವೆ. ಬಾಡಿಗೆಗೆ ಇಟ್ಟಿರುವುದು 40 ಜೊತೆ ಸ್ಕೇಟ್ಸ್. ಒಂದು ಜೊತೆಗೆ ಎಂಟು ಚಕ್ರ, ಚಕ್ರಕ್ಕೆ ಎರಡು ಬೇರಿಂಗ್. ಒಟ್ಟು 640! ಎಲ್ಲವನ್ನೂ ಬಿಚ್ಚಿ, ತೊಳೆದು, ಒರೆಸಿ, ಒಂದೊಂದು ಹನಿ ಹೊಲಿಗೆ ಮಿಷಿನ್ ಎಣ್ಣೆ ಬಿಟ್ಟು ಮತ್ತೆ ಕೂರಿಸಬೇಕು. ಹಾಳಾದದ್ದಕ್ಕೆ ಸ್ಪೋರ್ಟ್ಸ್ ಅಂಗಡಿಗೇ ಹೋಗಬೇಕೆಂದಿಲ್ಲ. ಬೇರಿಂಗ್ ಅಂಗಡಿಯಲ್ಲಿ “608” ಅಂದರೆ ಕೊಡುತ್ತಾರೆ. ಒಳಗೆ 8, ಹೊರಗೆ 22, ದಪ್ಪ 7 ಮಿಲಿಮೀಟರ್. ಸಣ್ಣ ಮೋಟಾರುಗಳಿಗೂ ಇದನ್ನೇ ಹಾಕುತ್ತಾರೆ.

ಚಕ್ರವನ್ನೂ ಆಗಾಗ ಅದಲು ಬದಲು ಮಾಡಬೇಕು. ರಿಂಕಿನಲ್ಲಿ ಎಲ್ಲರೂ ಎಡಕ್ಕೇ ತಿರುಗುತ್ತ ಸುತ್ತು ಹಾಕುವುದರಿಂದ ಚಕ್ರ ಒಂದೇ ಬದಿ ಸವೆಯುತ್ತದೆ. ಇನ್‌ಲೈನ್‌ನಲ್ಲಾದರೆ ಒಂದನೆಯದನ್ನು ಮೂರಕ್ಕೆ, ಎರಡನೆಯದನ್ನು ನಾಲ್ಕಕ್ಕೆ, ಮಗ್ಗುಲು ತಿರುಗಿಸಿ ಹಾಕಿದರೆ ಬಾಳಿಕೆ ಬರುತ್ತದೆ. ಆಟಿಕೆ ಅಂಗಡಿಯ ಗಟ್ಟಿ ಪ್ಲಾಸ್ಟಿಕ್ ಚಕ್ರ ಮಾತ್ರ ಬೇಡ. ನಯವಾದ ನೆಲದಲ್ಲಿ ಅದು ಸೋಪಿನ ಹಾಗೆ ಜಾರುತ್ತದೆ. ಅದನ್ನು ಹಾಕಿಕೊಂಡು ಬಂದವರಿಗೆ ನಾವು ಬಾಡಿಗೆ ತೆಗೆದುಕೊಳ್ಳದೆ ನಮ್ಮ ಸ್ಕೇಟ್ಸನ್ನೇ ಕೊಡುತ್ತೇವೆ. ಹೆಂಡತಿಗೆ ಇದು ಇಷ್ಟವಿಲ್ಲ, ಆ ಮಾತು ಆಮೇಲೆ.

ಬೀಳುವುದು ಇದ್ದೇ ಇದೆ. ನನ್ನ ತಮ್ಮ ಮೊದಲ ದಿನ ನಿಲ್ಲುವುದನ್ನಲ್ಲ, ಬೀಳುವುದನ್ನು ಕಲಿಸುತ್ತಾನೆ. ಮಂಡಿ ಮಡಚು, ತಗ್ಗು, ಮುಂದಕ್ಕೆ ಮಂಡಿಚಿಪ್ಪಿನ ಪ್ಯಾಡ್ ಮೇಲೆ ಬೀಳು. ಹೆದರಿದವರು ಹಿಂದಕ್ಕೆ ವಾಲಿ, ಕೈ ಊರಿ ಬೀಳುತ್ತಾರೆ. ಆಗ ಮುರಿಯುವುದು ಮಣಿಕಟ್ಟು. ಹೆಲ್ಮೆಟ್ ಹಾಕಿಸಿ ಮಣಿಕಟ್ಟಿನ ಗಾರ್ಡ್ ಬಿಟ್ಟುಬಿಡುವವರೇ ಜಾಸ್ತಿ. ನಮ್ಮ ರಿಂಕಿನಲ್ಲಿ ಮೊದಲು ಕೈ ಮುರಿದುಕೊಂಡದ್ದು ಮಗುವಲ್ಲ. ಮಗಳ ಕೈ ಹಿಡಿದು ನಡೆಸಲು ಚಪ್ಪಲಿಯಲ್ಲೇ ಒಳಗೆ ಬಂದ ತಾಯಿ. ಮಗಳು ಜಾರಿದಳು, ಅಮ್ಮನನ್ನೂ ಎಳೆದಳು. ಅಂದಿನಿಂದ ಅಪ್ಪ ಅಮ್ಮಂದಿರೆಲ್ಲ ಕಂಬಿಯ ಆಚೆ.

2025ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿನ ಆನಂದಕುಮಾರ್ ವೇಲ್‌ಕುಮಾರ್ ಚೀನಾದಲ್ಲಿ ಸ್ಪೀಡ್ ಸ್ಕೇಟಿಂಗ್ ವಿಶ್ವ ಚಿನ್ನ ಗೆದ್ದರು. ಭಾರತಕ್ಕೆ ಅದೇ ಮೊದಲನೆಯದು. ಆ ವಾರ ನಮ್ಮಲ್ಲೂ ಒಂದಿಬ್ಬರು ಬಂದು, “ಇವನನ್ನೂ ಹಾಗೆ ತಯಾರು ಮಾಡಿ” ಅಂದರು. ನಾನು ಸುಮ್ನೆ ಹೂಂ ಅನ್ನಲಿಲ್ಲ. ಅಂಥ ಸ್ಪರ್ಧೆಗೆ 200 ಮೀಟರ್ ಸುತ್ತಿನ, ತಿರುವಿನಲ್ಲಿ ಎತ್ತರಿಸಿದ ಟ್ರ್ಯಾಕ್ ಬೇಕು. ಗಿರಣಿಯ ಕಣದಲ್ಲಿ ಅದು ಆಗದು. ಕಾಲು ಚುರುಕಿದ್ದ ಮಕ್ಕಳನ್ನು ಒಂದೆರಡು ವರ್ಷ ಕಲಿಸಿ ಬೆಂಗಳೂರಿಗೋ ಬೆಳಗಾವಿಗೋ ಕಳಿಸುತ್ತೇವೆ. ಇನ್ನು ಕೆಲವು ಅಪ್ಪ ಅಮ್ಮಂದಿರಿಗೆ ತಮ್ಮ ಮಗುವಿಗೆ ಕಾರುಗಳ ಕೆಳಗೆ ನುಸುಳುವ ಲಿಂಬೋ ಸ್ಕೇಟಿಂಗ್ ಕಲಿಸಿ ದಾಖಲೆ ಮಾಡಿಸುವ ಆಸೆ. ಐದು ವರ್ಷದ ಮಗುವಿನ ಸೊಂಟ ಬಗ್ಗುತ್ತದೆ, ನಿಜ. ಹತ್ತು ವರ್ಷಕ್ಕೆ ಏನು ಮಾಡುತ್ತೀರಿ ಅಂತ ಕೇಳಿದರೆ ಉತ್ತರವಿಲ್ಲ. ನಾವು ಅದನ್ನು ಕಲಿಸುವುದಿಲ್ಲ.

ಈಗ ದುಡ್ಡಿನ ಮಾತು. ತಮ್ಮನಿಗೆ ಹೆಣ್ಣು ನೋಡಲು ಹೋಗಿದ್ದೆವು. ಉಪ್ಪಿಟ್ಟು ಕೇಸರಿಬಾತ್ ಆದ ಮೇಲೆ ಹುಡುಗಿಯ ಸೋದರಮಾವ ಮೆಲ್ಲಗೆ ಕೇಳಿದರು, “ಹುಡುಗನಿಗೆ ಸಂಬಳ ಎಷ್ಟು?” ಅಪ್ಪ, “ಎಲ್ಲ ಅವನದೇ ಅಲ್ವಾ” ಅಂದರು. ಅವರು ನಕ್ಕು ಸುಮ್ಮನಾದರು. ಆ ಸಂಬಂಧ ಕೂಡಿಬರಲಿಲ್ಲ.

ಅವತ್ತು ರಾತ್ರಿ ನನ್ನ ಹೆಂಡತಿ ಲೆಕ್ಕದ ಪುಸ್ತಕ ತೆರೆದಳು. ಮದುವೆಗೆ ಮುಂಚೆ ಸೊಸೈಟಿಯಲ್ಲಿ ಕೆಲಸ ಮಾಡಿದವಳು. “ಅಲ್ರೀ, ಅತ್ತೆಗೆ ಸಂಬಳ ಎಷ್ಟು ಅಂತ ಬರೀಲಿ?” ಅಂದಳು. ಅಮ್ಮನಿಗ್ಯಾಕೆ ಸಂಬಳ ಅಂದೆ. “ಅವರು ಕೌಂಟರಲ್ಲಿ ಕೂರದೆ ಇದ್ದಿದ್ರೆ ಯಾರನ್ನೋ ಕೂರಿಸ್ತಿದ್ರಲ್ಲ, ಅವರಿಗೆ ಎಷ್ಟು ಕೊಡ್ತಿದ್ರಿ?” ಒಂದು ತಿಂಗಳು ಅವಳು ಎಲ್ಲರ ಗಂಟೆ ಬರೆದಿಟ್ಟಳು. ಅಪ್ಪನ ಪೊರಕೆ, ತಮ್ಮನ ಕೋಚಿಂಗ್, ನನ್ನ ರಿಪೇರಿ, ಅಮ್ಮನ ಕೌಂಟರು, ಸಾಕ್ಸು ಒಗೆಯುವ ತನ್ನ ಕೆಲಸ. ಊರಲ್ಲಿ ಯಾವ ಕೆಲಸಕ್ಕೆ ಏನು ಕೂಲಿ ಇದೆಯೋ ಅದನ್ನೇ ಹಾಕಿದಳು. ಇಷ್ಟು ವರ್ಷ ನಾವು ಲಾಭ ಅನ್ನುತ್ತಿದ್ದದ್ದು ಪೂರ್ತಿ ಅದರಲ್ಲೇ ಮುಳುಗಿತು. ಜಾಗದ ಬಾಡಿಗೆಯನ್ನೂ ಸೇರಿಸುತ್ತೇನೆ ಅಂದಾಗ ಅಪ್ಪ ಕೈ ಮುಗಿದರು.

ಅದಾದ ಮೇಲೆ ಕೆಲವು ಬದಲಾವಣೆ ಮಾಡಿದೆವು. ಸೋಮವಾರ ರಜೆ. ಮಳೆಗಾಲದಲ್ಲಿ ಬೆಳಗಿನ ಬ್ಯಾಚ್ ಇಲ್ಲ. ಸ್ಕೇಟ್ಸ್ ಬಾಡಿಗೆ ಏರಿಸಿದೆವು, ಯಾರೂ ಗೊಣಗಲಿಲ್ಲ. ಬೇಸಿಗೆಯಲ್ಲಿ ಬಂದದ್ದರಲ್ಲಿ ಮಳೆಗಾಲದ ನಾಲ್ಕು ತಿಂಗಳ ಸಂಬಳ ಮೊದಲೇ ತೆಗೆದಿಡುತ್ತೇವೆ. ತಿಂಗಳ ಮೊದಲ ತಾರೀಕು ಪ್ರತಿಯೊಬ್ಬರಿಗೂ ಒಂದು ಲಕೋಟೆ. ಪುಕ್ಕಟೆ ಸ್ಕೇಟ್ಸ್ ಕೊಟ್ಟ ದಿನದ ಬಾಡಿಗೆ ನನ್ನ ಲಕೋಟೆಯಿಂದ ಕಡಿತ.

ಮೊದಲ ಲಕೋಟೆ ಕೊಟ್ಟಾಗ ಅಮ್ಮ, “ನಮ್ಮ ಮನೆ ಗಲ್ಲಾಪೆಟ್ಟಿಗೆ ಮುಂದೆ ಕೂರೋಕೆ ನಂಗೇ ಸಂಬಳವಾ?” ಅಂತ ನಕ್ಕು ದೇವರ ಮುಂದೆ ಇಟ್ಟಳು. ಮೂರನೆಯ ತಿಂಗಳು ನಾನು ಎರಡು ದಿನ ತಡ ಮಾಡಿದೆ. ರಾತ್ರಿ ಸಾರು ಬಡಿಸುತ್ತ, ಸೌಟು ತಟ್ಟೆಯ ಮೇಲೇ ಹಿಡಿದು ನಿಂತು ಕೇಳಿದಳು, “ಈ ತಿಂಗಳದ್ದು ಎಲ್ಲೋ?”